ಮುಖ ನೀರಿನ ಕಡೆಗಿರುವ ಊರು

(ವಿಶ್ವ ಪ್ರವಾಸೋದ್ಯಮ ದಿನದಂದು ಮಂಗಳೂರಿನಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)

ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿರುವ ಹಿರಿಯರೇ, ಮಾರ್ಗದರ್ಶಿಗಳ ತರಬೇತಿಯನ್ನು ಈಗಷ್ಟೇ ಮುಗಿಸಿರುವ ತರುಣ ತರುಣಿಯರೇ, ಹಿಂದಿನ ಸಾಲುಗಳಲ್ಲಿ ಕುಳಿತಿರುವ ಬಾಡಿಗೆ ಕಾರಿನ ಚಾಲಕ ಮಿತ್ರರೇ,

‘ಮಂಗಳೂರಿನಲ್ಲಿ ಪ್ರವಾಸಿಗರು ನೋಡಬೇಕಾದದ್ದು ಮತ್ತು ಮಾಡಬೇಕಾದದ್ದು’ ಎಂಬುದು ಸಂಘಟಕರು ನನಗೆ ಕೊಟ್ಟಿರುವ ವಿಷಯ. ಅದಕ್ಕಾಗಿ ಆರು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ನಾನು ಮಾತಿನಿಂದ ಜೀವನ ಮಾಡಿದವನಲ್ಲ. ಮೂವತ್ತು ವರ್ಷ ಹಳೆಯ ಬಂದರಿನಲ್ಲಿ ಸರಕಿನ ಲೆಕ್ಕ ಬರೆದವನು. ಆದ್ದರಿಂದ ಆರರಲ್ಲಿ ಎಷ್ಟು ದಡ ಸೇರುತ್ತವೆ, ಎಷ್ಟು ನಡುನೀರಿನಲ್ಲಿ ಉಳಿಯುತ್ತವೆ ಎಂಬುದನ್ನು ಅಧ್ಯಕ್ಷರ ಕೈಯಲ್ಲಿರುವ ಗಂಟೆಯೇ ತೀರ್ಮಾನಿಸಬೇಕು.

ಕಳೆದ ವರ್ಷ ನವರಾತ್ರಿ ಮುಗಿದ ಮೇಲೆ ಧಾರವಾಡದ ಕಡೆಯಿಂದ ನನ್ನ ಬೀಗರು ನಮ್ಮ ಮನೆಗೆ ಬಂದಿದ್ದರು. ನನಗೆ ತೊಂದರೆ ಕೊಡಬಾರದೆಂಬ ದಾಕ್ಷಿಣ್ಯದಿಂದ ಅವರೇ ಒಂದು ದಿನದ ಪ್ಯಾಕೇಜ್ ಗೊತ್ತುಮಾಡಿಕೊಂಡು ಬೆಳಿಗ್ಗೆ ಏಳಕ್ಕೆ ಹೊರಟವರು, ಸಂಜೆ ಏಳಕ್ಕೆ ಕಾಲು ಊದಿಸಿಕೊಂಡು ಮರಳಿದರು. ನಾಲ್ಕು ದೇವಸ್ಥಾನ, ಒಂದು ಮಾಲ್, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಇಪ್ಪತ್ತು ನಿಮಿಷದ ಸಮುದ್ರ, ಕೊನೆಗೆ ಒಂದು ಗಡ್‌ಬಡ್ ಐಸ್‌ಕ್ರೀಂ, ಇಷ್ಟು ಅವರ ಮಂಗಳೂರು. ಕೈಕಾಲು ತೊಳೆದುಕೊಂಡು ಬಂದು ಕುಳಿತ ಬೀಗರು ಕೇಳಿದರು: “ಅಲ್ರೀ, ನಿಮ್ಮೂರಿಗೆ ಬಂದರ ಅಂತಾರಲ್ಲ, ಆ ಬಂದರ ಎಲ್ಲೈತ್ರೀ?”

ಮೂವತ್ತು ವರ್ಷ ಅದೇ ಬಂದರಿನ ಅನ್ನ ಉಂಡವನಿಗೆ ಈ ಪ್ರಶ್ನೆ ಹೇಗೆ ನಾಟಿರಬಹುದು ಎಂದು ನೀವೇ ಊಹಿಸಿಕೊಳ್ಳಿ. ಎರಡು ನದಿಗಳೂ ಒಂದು ಕಡಲೂ ಸೇರುವ ಜಾಗದಲ್ಲಿ ಹುಟ್ಟಿದ ಊರಿದು. ತುಳುವಿನ ‘ಕುಡ್ಲ’ ಎಂಬ ಹೆಸರಿಗೆ ಕೂಡುವ ಜಾಗ ಎಂದೇ ಹಿರಿಯರು ಅರ್ಥ ಹೇಳುತ್ತಾರೆ. ಕೊಂಕಣಿಯವರಿಗೆ ಇದು ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ. ಇಷ್ಟು ಹೆಸರುಗಳು ಬಸ್ಸು ಹತ್ತಿ ಬಂದವುಗಳಲ್ಲ. ಅಂಥ ಊರನ್ನು ಇಡೀ ದಿನ ಸುತ್ತಿಯೂ ಒಬ್ಬ ಅತಿಥಿ ಅದರ ನದಿಯನ್ನು ಸೇತುವೆಯ ಮೇಲಿನಿಂದಲ್ಲದೆ ಬೇರೆ ಎಲ್ಲಿಂದಲೂ ನೋಡಲಿಲ್ಲ ಎಂದಾದರೆ, ನಾವು ಅವರಿಗೆ ಊರಿನ ಬೆನ್ನನ್ನು ತೋರಿಸಿ ಕಳಿಸಿದಂತಾಯಿತು. ನನ್ನ ಇಂದಿನ ವಾದ ಇದೊಂದೇ: ಮಂಗಳೂರಿನ ಮುಖ ನೀರಿನ ಕಡೆಗಿದೆ, ಅದನ್ನು ನೀರಿನ ಕಡೆಯಿಂದ ತೋರಿಸಿ. ಈ ಮಾತನ್ನು ನಾನು ಇನ್ನೂ ನಾಲ್ಕೈದು ಸಲ ಹೇಳಲಿದ್ದೇನೆ, ಸಹಿಸಿಕೊಳ್ಳಬೇಕು.

ಮರುದಿನ ಬೆಳಗಿನ ಜಾವ ಐದೂವರೆಗೆ ನಾನು ಬೀಗರನ್ನೂ ಬೀಗಿತ್ತಿಯವರನ್ನೂ ಎಬ್ಬಿಸಿ ದಕ್ಕೆಗೆ, ಅಂದರೆ ಮೀನುಗಾರಿಕೆಯ ಬೋಟುಗಳು ಬಂದು ನಿಲ್ಲುವ ಕಟ್ಟೆಗೆ, ಕರೆದುಕೊಂಡು ಹೋದೆ. ದಕ್ಕೆಯನ್ನು ಪ್ರೇಕ್ಷಣೀಯ ಸ್ಥಳಗಳ ಪಟ್ಟಿಗೆ ಸೇರಿಸಲು ನಮ್ಮವರು ನಾಚಿಕೊಳ್ಳುತ್ತಾರೆ, ವಾಸನೆ ಬರುತ್ತದೆ ಎನ್ನುತ್ತಾರೆ. ಬರುತ್ತದೆ, ನಿಜ, ಮೀನಿರುವಲ್ಲಿ ಮಲ್ಲಿಗೆಯ ವಾಸನೆ ಬಂದರೆ ಅಲ್ಲವೇ ಹೆದರಬೇಕಾದದ್ದು? ರಾತ್ರಿಯಿಡೀ ಕಡಲಿನಲ್ಲಿದ್ದ ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಲ್ಲುತ್ತವೆ, ಬುಟ್ಟಿಗಳು ಕೈಯಿಂದ ಕೈಗೆ ಏರುತ್ತವೆ, ಪುಡಿ ಮಾಡಿದ ಮಂಜುಗಡ್ಡೆ ನೆಲದ ಮೇಲೆ ಕರಗುತ್ತಿರುತ್ತದೆ, ಬಂಗುಡೆ, ಬೂತಾಯಿ, ಅಂಜಲ್‌ಗಳ ರಾಶಿಯ ಸುತ್ತ ಏಲಂ ಕೂಗುವವನ ದನಿಗೆ ಹೆಂಗಸರು ಕಣ್ಣಿನಲ್ಲಿಯೇ ಉತ್ತರ ಕೊಡುತ್ತಾರೆ. ಅರ್ಧ ನಿಮಿಷದಲ್ಲಿ ಒಂದು ರಾಶಿ ಮಾರಾಟವಾಗಿ ಹೋಗಿರುತ್ತದೆ. ಬೆಲೆ ಎಷ್ಟಾಯಿತೆಂಬುದು ಪಕ್ಕದಲ್ಲಿ ನಿಂತ ನಿಮಗೆ ತಿಳಿದಿರುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾರ್ಗದರ್ಶಿಗಳು ಬರೆದುಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಈ ಏಲಂ ಕಾಣಸಿಗದು, ನದಿಯ ತುಂಬ ಲಂಗರು ಹಾಕಿ ಮಲಗಿದ ಬೋಟುಗಳು ಮಾತ್ರ ಕಾಣುತ್ತವೆ. ಅದೂ ನೋಡತಕ್ಕದ್ದೇ.

ಅಲ್ಲಿಂದ ನಾಲ್ಕು ಹೆಜ್ಜೆ ಇಟ್ಟರೆ ನಾನು ಲೆಕ್ಕ ಬರೆಯುತ್ತಿದ್ದ ಹಳೆಯ ಬಂದರು. ಮಳೆಗಾಲ ಕಳೆದ ಮೇಲೆ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳು ಇಲ್ಲಿ ಸರಕು ತುಂಬುತ್ತವೆ. ಆ ದ್ವೀಪಗಳಲ್ಲಿ ಮನೆ ಕಟ್ಟಲು ಬೇಕಾದ ಜಲ್ಲಿ, ಸಿಮೆಂಟು, ಅಡುಗೆಗೆ ಬೇಕಾದ ಅಕ್ಕಿ, ಈರುಳ್ಳಿ ಎಲ್ಲವೂ ಮರದ ಒಡಲಿನ ಈ ನಾವೆಗಳ ಹೊಟ್ಟೆ ಸೇರುತ್ತವೆ. ಪಣಂಬೂರಿನಲ್ಲಿ 1970ರ ದಶಕದಲ್ಲಿ ನವಮಂಗಳೂರು ಬಂದರು ಆರಂಭವಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು, ಮಂಜಿ ನಮ್ಮಲ್ಲಿ ಉಳಿಯಿತು. ಸರಕು ಏರಿದಷ್ಟೂ ಮಂಜಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಆ ಅಂಚನ್ನು ನೋಡುತ್ತ ನೋಡುತ್ತ ಮೂಟೆ ಎಣಿಸುವುದನ್ನು ಮರೆತು ಹಿರಿಯ ಗುಮಾಸ್ತರಿಂದ ನಾನು ಬೈಸಿಕೊಂಡದ್ದಿದೆ.

ಆಮೇಲೆ ಬೆಂಗ್ರೆಗೆ ಹೋಗುವ ದೋಣಿಯನ್ನು ಹತ್ತಿದೆವು. ಪ್ರವಾಸಿಗರಿಗಾಗಿ ನಡೆಯುವ ದೋಣಿಯಲ್ಲ ಅದು. ಶಾಲೆಯ ಮಕ್ಕಳು, ಕೆಲಸಕ್ಕೆ ಹೋಗುವವರು, ಮೀನು ಮಾರುವ ಹೆಂಗಸರು ದಿನವೂ ಗುರುಪುರ ನದಿಯನ್ನು ದಾಟುವ ದೋಣಿ, ಚಿಲ್ಲರೆ ಕಾಸಿನಲ್ಲಿ ಮುಗಿಯುವ ಪಯಣ. ಬುಟ್ಟಿ ಹೊತ್ತ ಮಹಿಳೆಯೊಬ್ಬರು ಬಂದು ಪಕ್ಕದಲ್ಲಿ ಕುಳಿತದ್ದೇ ತಡ, ಸಸ್ಯಾಹಾರಿಗಳಾದ ನಮ್ಮ ಬೀಗಿತ್ತಿಯವರು ಸೆರಗನ್ನು ಮೂಗಿಗೆ ಹಿಡಿದರು. ಆ ಮಹಿಳೆಗೆ ಅರ್ಥವಾಯಿತು, ನಕ್ಕರು, ಬುಟ್ಟಿಯನ್ನು ಕಾಲಿನಿಂದ ಅತ್ತ ಸರಿಸಿ, “ನಿಮ್ಮದು ಯಾವ ಊರಾಯ್ತು?” ಎಂದು ಕೇಳಿದರು. ಅವರ ಮುಡಿಯಲ್ಲಿ ಮಲ್ಲಿಗೆಯಿತ್ತು. ಮಾತು ಮಲ್ಲಿಗೆಗೆ ಹೊರಳಿತು. ಇಲ್ಲಿ ಮಲ್ಲಿಗೆಯನ್ನು ಚೆಂಡಿನ ಲೆಕ್ಕದಲ್ಲಿ ಮಾರುತ್ತಾರೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಅವರು ವಿವರಿಸಿದರು. ನಮ್ಮಲ್ಲಿ ಮೊಳ ಹಾಕಿ ಕೊಡುತ್ತಾರೆ, ಮೊಳ ಹಾಕುವವಳ ಕೈ ಗಿಡ್ಡವಿದ್ದರೆ ನಮಗೆ ಲುಕ್ಸಾನು ಎಂದು ಇವರು ಹೇಳಿದರು. ಆಚೆ ದಡ ಬರುವ ಹೊತ್ತಿಗೆ ಸೆರಗು ಮೂಗಿನಿಂದ ಇಳಿದಿತ್ತು, ಮುಡಿಯಿಂದ ಮುರಿದ ಒಂದು ತುಂಡು ಮಲ್ಲಿಗೆ ಬೀಗಿತ್ತಿಯವರ ತುರುಬಿಗೆ ಏರಿತ್ತು. ಹಿಂದಿನ ದಿನದ ಪ್ಯಾಕೇಜಿನವರು ಎಷ್ಟು ಹಣ ತೆಗೆದುಕೊಂಡಿದ್ದರೆಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ.

ಬೆಂಗ್ರೆ ಒಂದು ಮರಳಿನ ನಾಲಿಗೆ. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಕಡಲು. ಅದರ ದಕ್ಷಿಣದ ತುದಿಯೇ ಅಳಿವೆ ಬಾಗಿಲು. ಅಲ್ಲಿ ನೇತ್ರಾವತಿಯೂ ಗುರುಪುರ ನದಿಯೂ ಕೂಡಿ ಸಮುದ್ರ ಸೇರುತ್ತವೆ, ಎದುರಿಗೆ ಉಳ್ಳಾಲದ ಕೋಟೆಪುರ ಕಾಣುತ್ತದೆ. ಬೀಗರು ಬಂಡೆಯೊಂದರ ಮೇಲೆ ಬಹಳ ಹೊತ್ತು ಸುಮ್ಮನೆ ನಿಂತರು. ಘಟ್ಟದ ಮಣ್ಣು ತಂದ ಕೆಂಪು ನೀರು ಒಂದು ಕಡೆ, ಕಡಲಿನ ಹಸಿರು ನೀರು ಒಂದು ಕಡೆ, ನಡುವೆ ನೊರೆಯ ಒಂದು ಗೆರೆ. ಜೋಳ ಬೆಳೆಯುವ ಆ ಮನುಷ್ಯ, “ನಡುವ ಬದು ಹಾಕಿದಂಗ ಐತಲ್ರೀ, ಯಾರ ಹೊಲ ಯಾರು ಒತ್ತಿದ್ರೂ ತಿಳಿಯಂಗಿಲ್ಲ” ಎಂದರು. ನಾನು ಮೂವತ್ತು ವರ್ಷ ನೋಡಿದ ಗೆರೆ ಅದು. ಭರತ ಬಂದಾಗ ಅದು ಒಳಗೆ ಸರಿಯುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ ಎಂದು ವಿವರಿಸಿದೆ. “ಹಂಗಾರ ದಿನಾ ಎರಡ ಸಲ ಸರ್ವೇ ಆಗತೈತಿ ಅನ್ರಿ” ಎಂದರು. ಮೊದಲನೆಯ ಸಂಗತಿಯಾದ ಈ ಕಥೆಗೆ ನಾನು ಮೂರು ನಿಮಿಷ ಇಟ್ಟುಕೊಂಡಿದ್ದೆ, ಹತ್ತು ನಿಮಿಷವಾಗಿದೆ ಎಂದು ಅಧ್ಯಕ್ಷರ ಮುಖ ಹೇಳುತ್ತಿದೆ.

ಎರಡನೆಯ ಸಂಗತಿ, ಬೋಳೂರಿನ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಸುಲ್ತಾನ್ ಕರಿಗಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಇದು. ಈಸ್ಟ್ ಇಂಡಿಯಾ ಕಂಪೆನಿಗೂ ಅವನಿಗೂ ಮಂಗಳೂರು ಒಪ್ಪಂದವಾದದ್ದೂ ಅದೇ ವರ್ಷ. ಯುದ್ಧನೌಕೆಗಳು ನದಿಯೊಳಗೆ ನುಗ್ಗದಂತೆ ಕಾಯುವುದಕ್ಕೆಂದು ಇದ್ದ ಈ ಬುರುಜಿನ ಮೇಲೆ ನಮ್ಮ ಪ್ರವಾಸಿಗರು ಏನು ಮಾಡುತ್ತಾರೆ? ನದಿಗೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಮಾರ್ಗದರ್ಶಿಗಳೇ, ದಯವಿಟ್ಟು ಅವರ ಭುಜ ಹಿಡಿದು ನದಿಯ ಕಡೆಗೆ ತಿರುಗಿಸಿ, ಫಿರಂಗಿಗೆಂದು ಬಿಟ್ಟ ಗೋಡೆಯ ಕಿಂಡಿಯೊಳಗಿಂದ ಹೊರಗೆ ನೋಡಲು ಹೇಳಿ. ಒಂದು ಕ್ಷಣ ಅವರು ಬರುವ ಹಡಗನ್ನು ಕಾಯುವವರಾಗುತ್ತಾರೆ. ಬಳಿಕ ಅಲ್ಲಿಂದಲೇ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿಸಿ. ಆ ಕಡಲತೀರಕ್ಕೆ ಕೂಳೂರಿನ ಮೂಲಕ ಸುತ್ತಿ ಕಾರಿನಲ್ಲಿಯೂ ಹೋಗಬಹುದು, ಆದರೆ ನನ್ನ ವಾದ ನಿಮಗೆ ಗೊತ್ತಿದೆ.

ಕಡಲತೀರದ ಮಾತು ಬಂದದ್ದರಿಂದ ಹೇಳುತ್ತೇನೆ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ, ಎಲ್ಲವೂ ಚೆಂದವೇ. ಮಳೆಗಾಲದಲ್ಲಿ ಮಾತ್ರ ನೀರಿಗೆ ಇಳಿಯುವುದು ಬೇಡ. ಸೋಮೇಶ್ವರದ ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ, ಅಲೆ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ. ಅತಿಥಿಗಳು ಎಷ್ಟೇ ಒತ್ತಾಯ ಮಾಡಿದರೂ ಜೀವರಕ್ಷಕರ ಮಾತೇ ಕೊನೆಯ ಮಾತು. ಅಲೆಯ ಮೇಲೆ ಹಲಗೆ ಹತ್ತಿ ನಿಲ್ಲುವ ಸರ್ಫಿಂಗ್ ಕಲಿಯಬೇಕೆನ್ನುವ ಹುಡುಗರನ್ನು ಮೂಲ್ಕಿಗೆ, ಸಸಿಹಿತ್ಲುವಿಗೆ ಕಳಿಸಿ.

ಮೂರನೆಯದು ಹಂಚು. ನಗುತ್ತಿದ್ದೀರಿ, ಹಂಚು ನೋಡಲು ಯಾರು ಬರುತ್ತಾರೆ ಎಂದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ನೇತ್ರಾವತಿಯ ದಡದಲ್ಲಿ ಏಕೆ ಹಾಕಿದರು? ಜೇಡಿ ಮಣ್ಣು ನದಿಯ ಬದಿಯದು, ಅದನ್ನು ತಂದದ್ದು ದೋಣಿ, ಸುಟ್ಟ ಹಂಚನ್ನು ಒಯ್ದದ್ದು ಹಡಗು. ಆಫ್ರಿಕಾದ ತೀರದವರೆಗೂ ಮಂಗಳೂರು ಹಂಚು ಹೋಯಿತು. ಹಳೆಯ ಮನೆಯೊಂದರ ಮಾಡಿನಿಂದ ಇಳಿಸಿದ ಒಂದು ಹಂಚನ್ನು ಅತಿಥಿಯ ಕೈಗೆ ಕೊಡಿ, ಹಿಂಬದಿಯಲ್ಲಿ ಒತ್ತಿರುವ ಕಾರ್ಖಾನೆಯ ಹೆಸರನ್ನು ಬೆರಳಿನಿಂದ ಓದಿಸಿ. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಇದೇ ಊರಿನಿಂದ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರೆಂಬುದನ್ನು ಕನ್ನಡದ ಅತಿಥಿಗಳಿಗಾದರೂ ಹೇಳಲು ಮರೆಯಬೇಡಿ.

ನಾಲ್ಕನೆಯದಕ್ಕೆ ಕದ್ರಿ ಎಂದು ಬರೆದುಕೊಂಡಿದ್ದೇನೆ. ಗುಡ್ಡದ ಮೇಲಿನ ದೇವಸ್ಥಾನಕ್ಕೂ ನೀರಿಗೂ ಏನು ಸಂಬಂಧ ಎಂದು ಕೇಳಬೇಡಿ, ಇದೆ. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಶಾಸನವಿದೆ, ಕಾಲ ಕ್ರಿ.ಶ. 968. ಅದಾಗಿ ಸುಮಾರು ನೂರೆಪ್ಪತ್ತು ವರ್ಷಗಳ ಬಳಿಕ ಬೆನ್ ಯಿಜು ಎಂಬ ಯಹೂದಿ ವರ್ತಕನೊಬ್ಬ ಈ ಊರಿನಲ್ಲಿ ನೆಲೆಸಿ ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಅರಬ್ ತೀರದ ಏಡನ್ ಬಂದರಿನಲ್ಲಿದ್ದ ಅವನ ಗೆಳೆಯರು ಒಡೆದ ಪಾತ್ರೆಗಳನ್ನೂ ತಾಮ್ರವನ್ನೂ ಹಡಗಿನಲ್ಲಿ ಕಳಿಸುತ್ತಿದ್ದರು, ಇಲ್ಲಿನ ಕೆಲಸಗಾರರು ಅದನ್ನು ಹೊಸ ಪಾತ್ರೆಯಾಗಿಸಿ ಮರಳಿ ಕಳಿಸುತ್ತಿದ್ದರು. ಆ ವ್ಯವಹಾರದ ಕಾಗದಗಳು ಕೈರೋದ ಯಹೂದಿ ಮಂದಿರದಲ್ಲಿ ಉಳಿದು ಬಂದಿವೆ. ಸರಕಿನ ಲೆಕ್ಕದ ಕಾಗದಗಳೂ ಒಂಬೈನೂರು ವರ್ಷ ಬಾಳಬಲ್ಲವೆಂದು ತಿಳಿದಾಗ ನನಗಾದ ಸಂತೋಷವನ್ನು ನೀವು ಕ್ಷಮಿಸಬೇಕು.

ಗಂಟೆಯಾಯಿತು. ಎರಡೇ ನಿಮಿಷ.

ಉಳ್ಳಾಲಕ್ಕೆ ಹೋದಾಗ ರಾಣಿ ಅಬ್ಬಕ್ಕನ ಪ್ರತಿಮೆಯ ಮುಂದೆ ಫೋಟೋ ತೆಗೆಸುವುದರ ಜೊತೆಗೆ ಒಂದು ಮಾತು ಹೇಳಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡದ್ದು ಅರಮನೆಯಲ್ಲಲ್ಲ, ಕಾಲುವೆಯ ಕೆಲಸ ನೋಡಲೆಂದು ಅವಳು ಬರಿಗಾಲಿನಲ್ಲಿ ನಡೆದು ಬರುತ್ತಿದ್ದ ದಾರಿಯಲ್ಲಿ. ನೋಡಲು ಅಡುಗೆಮನೆಯ ಆಳಿನಂತಿದ್ದಳು, ಮಾತನಾಡಿದಾಗ ರಾಣಿಯೆಂದು ತಿಳಿಯಿತು ಎಂದು ಅವನು ಬರೆದಿದ್ದಾನೆ. ಇದು ಐದನೆಯದು, ನೋಡಿ, ಇದೂ ನೀರಿನ ಕೆಲಸವೇ.

ಆರನೆಯದರಲ್ಲಿ ಅಲೋಶಿಯಸ್ ಚಾಪೆಲ್, ಬಿಜೈಯ ಮ್ಯೂಸಿಯಂ ಮತ್ತು ತಿಂಡಿ ಇದ್ದವು. ಚಾಪೆಲಿನ ಗೋಡೆ, ಮಾಡುಗಳನ್ನು ತುಂಬಿದ ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿಯ ಚಿತ್ರಗಳನ್ನು ಮೊಬೈಲ್ ಒಳಗಿಟ್ಟು ಕತ್ತು ಮೇಲೆತ್ತಿ ನೋಡಬೇಕು. ಈ ಊರಿಗೆ ರೈಲು ಬಂದದ್ದು 1907ರಲ್ಲಿ, ಮೊಸ್ಕೇನಿ ಬಂದು ಬಣ್ಣ ಕಲಸಿದ್ದು ಅದಕ್ಕೂ ಮೊದಲು. ಶ್ರೀಮಂತಿ ಬಾಯಿ ಸ್ಮಾರಕ ಮ್ಯೂಸಿಯಂ ಇರುವ ಕಟ್ಟಡ ಹಡಗಿನ ಆಕಾರದ್ದು. ಗೋಳಿಬಜೆ, ನೀರುದೋಸೆ, ಬನ್ಸ್‌ಗಳ ಬಗ್ಗೆ ಈ ಸಭೆಗೆ ಹೇಳಬೇಕಾದದ್ದಿಲ್ಲ, ಹೊರಗೆ ಚಹಾದ ಜೊತೆ ಇಟ್ಟಿದ್ದಾರೆಂದು ಕೇಳಿದ್ದೇನೆ.

ನಾಳೆ ಭಾನುವಾರ. ಹೊಸ ಮಾರ್ಗದರ್ಶಿಗಳಲ್ಲಿ ಮನಸ್ಸಿರುವವರು ಬೆಳಿಗ್ಗೆ ಆರಕ್ಕೆ ದಕ್ಕೆಯ ಗೇಟಿನ ಬಳಿ ಬನ್ನಿ, ನಾನು ಅಲ್ಲಿರುತ್ತೇನೆ. ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ದೋಣಿಗೆ ಚಿಲ್ಲರೆ ತನ್ನಿ. ಕಾರು ತರಬೇಡಿ, ಬೆಂಗ್ರೆಯ ದೋಣಿ ಅದನ್ನು ಹತ್ತಿಸಿಕೊಳ್ಳುವುದಿಲ್ಲ.