ಚಪ್ಪಲಿ ಮೆಟ್ಟಿಕೊಳ್ಳುವಾಗ ಬರುವ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ಕು. ಒಂದು ಮೇಜು, ಮೂರು ಕುರ್ಚಿ, ಪರದೆಯ ಹಿಂದೆ ಒಂದು ಮಂಚ. ಮೂವತ್ತೊಂದು ವರ್ಷದಿಂದ ಅಲ್ಲೇ ಕೂತಿದ್ದೇನೆ. ಚಪ್ಪಲಿ ಹೊರಗೆ ಬಿಡಿ ಎಂದು ನಾನೆಂದೂ ಬೋರ್ಡು ಹಾಕಿದವನಲ್ಲ, ಆದರೂ ಜನ ಬಿಟ್ಟೇ ಬರುತ್ತಾರೆ. ಆ ಚಪ್ಪಲಿಯಿಂದ ನನಗೆ ದೊಡ್ಡ ಉಪಕಾರ ಆಗಿದೆ. ಒಳಗೆ ಕುರ್ಚಿಯಲ್ಲಿ ಕೂತು ಹೇಳುವುದು ನೆಗಡಿ, ಮೈಕೈ ನೋವು. ಚೀಟಿ ಬರೆಸಿಕೊಂಡು, ಫೀಸು ಕೊಟ್ಟು, ಹೊಸ್ತಿಲು ದಾಟಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತಾ ತಿರುಗಿ ನೋಡಿ, "ಇನ್ನೊಂದ್ ಮಾತು ಡಾಕ್ಟ್ರೇ..." ಅನ್ನುತ್ತಾರಲ್ಲ, ಅವರು ಬಂದದ್ದೇ ಅದಕ್ಕೆ. ದಿನನಿತ್ಯದ ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ಹೇಳಿ ಎಂದು ಆಕಾಶವಾಣಿಯವರು ಕೇಳಿದಾಗ, ಕುರ್ಚಿಯ ಪ್ರಶ್ನೆ ಬಿಟ್ಟು ಹೊಸ್ತಿಲ ಪ್ರಶ್ನೆಗಳನ್ನೇ ಆಯ್ದುಕೊಂಡು ಬಂದಿದ್ದೇನೆ.

ಮೊದಲನೆಯದು: "ಎದೇಲಿ ಒಂಥರಾ ಹಿಡ್ಕೊಂಡಂಗಾಗುತ್ತೆ ಡಾಕ್ಟ್ರೇ, ಗ್ಯಾಸ್ಟ್ರಿಕ್ ಅಲ್ವಾ?"

ನಮ್ಮ ಕಡೆ ಗ್ಯಾಸ್ಟ್ರಿಕ್ ಅನ್ನುವುದು ಒಂದು ದೊಡ್ಡ ಚೀಲ. ಹುಳಿತೇಗು, ಹೊಟ್ಟೆ ಉಬ್ಬರ, ಬೆನ್ನುನೋವು, ತಲೆಸುತ್ತು, ನಿದ್ದೆ ಬಾರದ್ದು ಎಲ್ಲವನ್ನೂ ಅದಕ್ಕೆ ತುಂಬುತ್ತೇವೆ. ತುಂಬಿದರೆ ತಪ್ಪಿಲ್ಲ, ಆದರೆ ಹೃದಯಾಘಾತವೂ ಎಷ್ಟೋ ಸಲ ಅದೇ ಚೀಲದೊಳಗೆ ಹೋಗಿ ಬೀಳುತ್ತದೆ. ಕೊಬ್ಬರಿ ವ್ಯಾಪಾರ ಮಾಡುವ ಒಬ್ಬರು ರಾತ್ರಿ ಹನ್ನೊಂದಕ್ಕೆ ಎದೆ ಹಿಡಿದುಕೊಂಡಿತೆಂದು ಸೋಡಾ ಕುಡಿದರು, ಓಮದ ಕಷಾಯ ಕುಡಿದರು, ಹೆಂಡತಿಯ ಕೈಯಲ್ಲಿ ಬೆನ್ನು ತಿಕ್ಕಿಸಿಕೊಂಡರು. ಬೆಳಿಗ್ಗೆ ಎಂಟಕ್ಕೆ ನನ್ನ ಮುಂದೆ ಕೂತಾಗ ಅಂಗಿ ಬೆವರಿನಿಂದ ಒದ್ದೆ. ಬದುಕಿದರು. ಆದರೆ ಹೃದಯದ ಒಂದು ಭಾಗ ಸತ್ತಿತ್ತು, ಈಗ ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು.

ಅವರನ್ನು ಮಾತ್ರ ದೂರಿದರೆ ನ್ಯಾಯ ಆಗುವುದಿಲ್ಲ. ನಾನೂ ಎಡವಿದ್ದೇನೆ. ಸಕ್ಕರೆ ಕಾಯಿಲೆಯ ಒಬ್ಬ ತಾಯಿ, ನೋವೇ ಇಲ್ಲ, ಬರೀ ಸುಸ್ತು ಮತ್ತು ವಾಕರಿಕೆ ಎಂದು ಬಂದರು. ಆಸಿಡಿಟಿ ಮಾತ್ರೆ ಬರೆದುಕೊಟ್ಟೆ. ಮರುದಿನ ಇಸಿಜಿಯಲ್ಲಿ ಎಲ್ಲ ಬರೆದಿತ್ತು. ಹಳೆಯ ಸಕ್ಕರೆ ಕಾಯಿಲೆ ನರಗಳನ್ನು ಜಡ ಮಾಡುವುದರಿಂದ ಅಂಥವರಿಗೆ ಎದೆನೋವು ಇಲ್ಲದೆಯೂ ಹೃದಯಾಘಾತ ಆಗಬಹುದೆಂದು ನಾನು ಕಾಲೇಜಿನಲ್ಲೇ ಓದಿದ್ದೆ. ಓದಿದ್ದು ಆ ಬೆಳಿಗ್ಗೆ ನೆನಪಿಗೆ ಬರಲಿಲ್ಲ, ಅಷ್ಟೇ.

ಹಾಗಾದರೆ ಗುರುತಿಸುವುದು ಹೇಗೆ? ಹುಳಿಯ ಉರಿ ಸಾಮಾನ್ಯವಾಗಿ ಊಟವಾದ ಮೇಲೆ, ಮಲಗಿದಾಗ, ಬಗ್ಗಿದಾಗ ಹೆಚ್ಚು. ಹೃದಯದ್ದು ನಡೆದಾಗ, ದಿಬ್ಬ ಹತ್ತಿದಾಗ, ಮೂಟೆ ಎತ್ತಿದಾಗ ಬಂದು, ನಿಂತರೆ ಇಳಿಯುತ್ತದೆ. ಅದು ಮೊದಲ ಎಚ್ಚರಿಕೆ. ಪೂರಾ ಆಘಾತವಾದರೆ ಕೂತರೂ ಇಳಿಯುವುದಿಲ್ಲ. ಎಲ್ಲಿ ನೋವು ಎಂದು ಕೇಳಿದರೆ ಬೆರಳಿಟ್ಟು ತೋರಿಸುವವರಿಗಿಂತ, ಮುಷ್ಟಿಯನ್ನೋ ಅಂಗೈಯನ್ನೋ ಎದೆಗೊತ್ತಿ "ಇಲ್ಲೆಲ್ಲಾ" ಅನ್ನುವವರನ್ನು ಕಂಡರೆ ನನಗೆ ಭಯ ಹೆಚ್ಚು. ಜೊತೆಗೆ ತಣ್ಣನೆ ಬೆವರು, ದವಡೆಗೋ ಎಡಗೈಗೋ ಹರಿಯುವ ಸೆಳೆತ, ಉಸಿರಿಗೆ ತೊಂದರೆ. ಇಷ್ಟೆಲ್ಲ ಹೇಳಿದರೂ ಮನೆಯಲ್ಲಿ ಕೂತು ತೀರ್ಪು ಕೊಡುವುದು ನಿಮ್ಮಿಂದಾಗದು, ನನ್ನಿಂದಲೂ ಆಗದು. ಇಸಿಜಿ ಬೇಕು. ಮೊದಲ ಇಸಿಜಿ ಸರಿಯಿದ್ದರೂ ನೋವು ಮುಂದುವರಿದರೆ ಇನ್ನೊಮ್ಮೆ ತೆಗೆಯಬೇಕು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಒಂದು ತಿಂಗಳು ನನ್ನ ಕ್ಲಿನಿಕ್ಕಿನ ತುಂಬ ಮೂವತ್ತು, ನಲವತ್ತರ ಹುಡುಗರು. ಆಮೇಲೆ ಆ ಭಯ ಆರಿತು, ಬೀಡಿ ಸಿಗರೇಟು ಮತ್ತೆ ಹೊತ್ತಿದವು. ಆದರೆ ಅವರ ಹೆಸರಿನಲ್ಲಿ ಸರ್ಕಾರ ಶುರುಮಾಡಿದ ಹೃದಯಜ್ಯೋತಿ ಯೋಜನೆ ಇದೆ, ಅದು ನಿಮಗೆ ಗೊತ್ತಿರಬೇಕು. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ಹೃದ್ರೋಗ ತಜ್ಞರಿಗೆ ಕಳಿಸಿ ತೋರಿಸುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆ ಔಷಧ ಮೊದಲ ಕೆಲವು ಗಂಟೆಯಲ್ಲಿ ಕೊಟ್ಟಷ್ಟೂ ಫಲ, ಹನ್ನೆರಡು ಗಂಟೆ ದಾಟಿದರೆ ಹೆಚ್ಚಿನ ಉಪಯೋಗವಿಲ್ಲ. ಕೊಬ್ಬರಿ ವ್ಯಾಪಾರಿಯವರು ಒಂಬತ್ತು ಗಂಟೆ ಕಳೆದುಕೊಂಡಿದ್ದರು. ಅದಕ್ಕೇ ಹೇಳುವುದು, ಬೆವರಿನ ಜೊತೆ ಎದೆ ಹಿಡಿದುಕೊಂಡರೆ ಸೋಡಾ ಹುಡುಕಬೇಡಿ, 108ಕ್ಕೆ ಫೋನು ಮಾಡಿ. ಸ್ವತಃ ಬೈಕು ಓಡಿಸಿಕೊಂಡು ಬರುವ ಧೈರ್ಯವಂತರೂ ಇದ್ದಾರೆ, ಆ ಧೈರ್ಯ ದಯವಿಟ್ಟು ಬೇಡ.

ನಿಜವಾಗಿ ಹುಳಿಯ ತೊಂದರೆಯೇ ಆದರೆ ಒಂದು ಮಾತು. ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮುಂಚೆ ತಗೊಳ್ಳಬೇಕು. ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಆಮೇಲೆ ನುಂಗಿದರೆ ಅದರ ಅರ್ಧ ಕೆಲಸ ಕೆಟ್ಟಂತೆ.

ಎರಡನೆಯ ಹೊಸ್ತಿಲ ಮಾತು ಪ್ರಶ್ನೆಯಲ್ಲ, ಬೇಡಿಕೆ. "ಬಾಳ ಸುಸ್ತು ಸಾರ್, ಒಂದ್ ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ."

ಆ ಬಾಟ್ಲಿಯಲ್ಲಿ ಏನಿದೆ ಎಂದು ಲೆಕ್ಕ ಹೇಳುತ್ತೇನೆ. ಅರ್ಧ ಲೀಟರ್ ನೀರು, ನೂರಕ್ಕೆ ಐದರಂತೆ ಸಕ್ಕರೆ, ಅಂದರೆ 25 ಗ್ರಾಂ. ಟೀ ಚಮಚದಲ್ಲಿ ಐದಾರು ಚಮಚ. ಎರಡು ಇಡ್ಲಿಯ ಶಕ್ತಿ. ಬಾಯಿಂದ ಕುಡಿಯಲು ಆಗುವವರಿಗೆ ಇದನ್ನು ಸೂಜಿಯಿಂದ ಕೊಟ್ಟು ಇನ್ನೂರು ಮುನ್ನೂರು ರೂಪಾಯಿ ತೆಗೆದುಕೊಳ್ಳುವುದು ನನಗೆ ಸಂಕೋಚ. ಹಾಕುವುದಿಲ್ಲ ಅಂದರೆ ಕೆಲವರು ಮುನಿಸಿಕೊಂಡು ಬೇರೆ ಕಡೆ ಹೋಗುತ್ತಾರೆ, ಹೋಗಲಿ. ಸುಸ್ತಿನ ಕಾರಣ ಬೇರೆ ಇರುತ್ತದೆ. ಹೆಣ್ಣುಮಕ್ಕಳಲ್ಲಿ ಬಹಳ ಸಲ ರಕ್ತಹೀನತೆ, ಕೆಲವರಲ್ಲಿ ಥೈರಾಯ್ಡು, ಇನ್ನು ಕೆಲವರಲ್ಲಿ ಯಾರೂ ಕೇಳದ ಮನಸ್ಸಿನ ಭಾರ.

ವಾಂತಿಭೇದಿಯಲ್ಲಿ ನೀರು ಹೋಗಿದ್ದರೆ? ಅದಕ್ಕೂ ಮೊದಲ ಮದ್ದು ಓಆರ್‌ಎಸ್. ಉಪ್ಪು, ಸಕ್ಕರೆ ಲೆಕ್ಕಕ್ಕೆ ಬೆರೆಸಿದ ಪುಡಿಯ ಪ್ಯಾಕೆಟ್ಟು ಅದು, ನೀರಿಗೆ ಕಲಸಿ ಕುಡಿಯುವುದು. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಿತು. ಡಾಕ್ಟರ್ ದಿಲೀಪ್ ಮಹಲನಬಿಸ್ ಅವರ ಬಳಿ ಡ್ರಿಪ್ ಬಾಟ್ಲಿಗಳು ಖಾಲಿಯಾಗುತ್ತಾ ಬಂದವು. ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಸೇರಿಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ತೀರಿಕೊಂಡ ಮೇಲೆ, 2023ರಲ್ಲಿ, ಅವರಿಗೆ ಪದ್ಮವಿಭೂಷಣ ಬಂತು.

ಆ ಪ್ಯಾಕೆಟ್ಟನ್ನು ನಾವು ಬಳಸುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ಲೀಟರಿನ ಪುಡಿಯನ್ನು ಲೋಟಕ್ಕೆ ಎರಡು ಚಮಚ ಹಾಕಿ ಕಲಕುತ್ತಾರೆ. ಹಾಗೆ ಮಾಡಿದರೆ ಉಪ್ಪು ಸಕ್ಕರೆಯ ಲೆಕ್ಕ ತಪ್ಪುತ್ತದೆ, ಭೇದಿ ಹೆಚ್ಚಲೂಬಹುದು. ಇಡೀ ಪ್ಯಾಕೆಟ್, ಅಳೆದ ಒಂದು ಲೀಟರ್ ಕಾಯಿಸಿ ಆರಿಸಿದ ನೀರು. 24 ಗಂಟೆ ಕಳೆದರೆ ಚೆಲ್ಲಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ. ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ತಾಯಿಯ ಹಾಲು ಯಾವುದನ್ನೂ ನಿಲ್ಲಿಸಬೇಡಿ. ಅಂಗಡಿಯ ಬಣ್ಣದ ಸಿಹಿ ಡಬ್ಬಿ ಓಆರ್‌ಎಸ್ ಅಲ್ಲ. ಮಗು ಆರೇಳು ಗಂಟೆ ಉಚ್ಚೆ ಹೊಯ್ಯದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಆಗ ಮನೆಮದ್ದು ನೆಚ್ಚಿಕೊಂಡು ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಅಲ್ಲಿ ಡ್ರಿಪ್ ಹಾಕಿದರೆ ನಾನು ಬೇಡ ಅನ್ನುವುದಿಲ್ಲ.

ಇನ್ನು ಮುದ್ದೆ. ನಮ್ಮ ಸೀಮೆಯಲ್ಲಿ ಇದರ ವಿಷಯ ಮಾತಾಡುವಾಗ ಹುಷಾರಾಗಿರಬೇಕು. "ಅನ್ನ ಬಿಟ್ಟು ಮೂರು ಹೊತ್ತೂ ಮುದ್ದೆ ಉಣ್ತಿದೀನಿ, ಶುಗರ್ ಯಾಕೆ ಇಳೀತಿಲ್ಲ?" ಎಂದು ಒಬ್ಬ ಯಜಮಾನರು ಹೊಸ್ತಿಲಲ್ಲಿ ಜಗಳಕ್ಕೇ ನಿಂತರು. ಎಷ್ಟು ದೊಡ್ಡ ಮುದ್ದೆ ಎಂದು ಕೇಳಿದೆ. ಎರಡೂ ಕೈ ಸೇರಿಸಿ ತೋರಿಸಿದರು! ರಾಗಿ ಒಳ್ಳೆಯದೇ. ಪಾಲಿಶ್ ಮಾಡಿದ ಅಕ್ಕಿಗಿಂತ ನಾರು ಹೆಚ್ಚು, ಸುಣ್ಣದ ಅಂಶವಂತೂ ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ಆದರೆ ನೂರು ಗ್ರಾಂ ರಾಗಿಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಪಿಷ್ಟವೇ ಇದೆ, ಅದು ಕೊನೆಗೆ ಸಕ್ಕರೆಯೇ ಆಗುತ್ತದೆ. ನಿಮ್ಮ ಮುಷ್ಟಿ ಗಾತ್ರದ್ದು ಒಂದು, ಜೊತೆಗೆ ಸೊಪ್ಪಿನ ಸಾರೋ ಮೊಳಕೆ ಹುರುಳಿಯೋ ಧಾರಾಳವಾಗಿ. ನೀರಾಗಿ ಕಾಯಿಸಿದ ರಾಗಿಗಂಜಿ ಮುದ್ದೆಗಿಂತ ಬೇಗ ಸಕ್ಕರೆ ಏರಿಸುತ್ತದೆ. ಬೆಲ್ಲದ ಕಾಫಿಯೂ ಸಕ್ಕರೆ ಕಾಫಿಯೇ, ಬಣ್ಣ ಬೇರೆ.

ಬಿಪಿ ಮಾತ್ರೆ ಬರೆದುಕೊಟ್ಟರೆ ಕುರ್ಚಿಯಲ್ಲಿ ತಲೆಯಾಡಿಸುತ್ತಾರೆ. ಹೊಸ್ತಿಲಲ್ಲಿ ಕೇಳುತ್ತಾರೆ: "ಒಂದ್ಸಲ ಶುರು ಮಾಡಿದ್ರೆ ಅಭ್ಯಾಸ ಆಗ್ಬಿಡುತ್ತಂತಲ್ಲ?" ಇದಕ್ಕೆ ನಾನು ತೆಂಗಿನ ತೋಟದವರಿಗೆ ತೋಟದ ಭಾಷೆಯಲ್ಲೇ ಉತ್ತರ ಕೊಡುತ್ತೇನೆ. ಮರಕ್ಕೆ ನೀರು ನಿಲ್ಲಿಸಿದರೆ ಆವತ್ತೇ ಏನೂ ಕಾಣುವುದಿಲ್ಲ. ತಿಂಗಳುಗಟ್ಟಲೆ ಆದ ಮೇಲೆ ಹರಳು, ಅಂದರೆ ಎಳೆಗಾಯಿ, ಉದುರುತ್ತದೆ, ಕಾಯಿ ಸಣ್ಣದಾಗುತ್ತದೆ. ನೀರು ಮರಕ್ಕೆ ಚಟ ಆಯಿತು ಎಂದು ಯಾರೂ ಹೇಳುವುದಿಲ್ಲ. ಬಿಪಿಯೂ ಹಾಗೇ, ತಲೆ ನೋಯುವುದಿಲ್ಲ, ಸುತ್ತುವುದಿಲ್ಲ, ಒಂದು ದಿನ ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಮ್ಮಿ ಮಾಡಿ, ತೂಕ ಇಳಿಸಿ, ನಡೆದಾಡಿ ಡೋಸು ಕಡಿಮೆಯಾದವರೂ ಉಂಟು, ಆದರೆ ಅದನ್ನು ಕಡಿಮೆ ಮಾಡಬೇಕಾದವರು ನೀವಲ್ಲ. ಮನೆಯಲ್ಲಿ ಅಳೆಯುವವರು ಐದು ನಿಮಿಷ ಸುಮ್ಮನೆ ಒರಗಿ ಕೂತು, ಕೈಯನ್ನು ಎದೆಯ ಮಟ್ಟಕ್ಕಿಟ್ಟು ಅಳೆಯಿರಿ. ಕಾಫಿ ಕುಡಿದ ತಕ್ಷಣ ಬೇಡ.

ಜ್ವರದ ಬಗ್ಗೆ ಒಂದೇ ಮಾತು. ಡೆಂಗ್ಯೂ ಕಾಲದಲ್ಲಿ ಜ್ವರ ಬಿಟ್ಟ ದಿನವೇ ಹೆಚ್ಚು ಎಚ್ಚರ ಬೇಕಾದ ದಿನ. ಜ್ವರ ಇಳಿದ ಮೇಲೆ ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ಕಾಯಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ನೋವಿನ ಮಾತ್ರೆ ಬೇಡ. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡೂ ಸೇರಿಸಿ ನುಂಗಬೇಡಿ.

ಕೊನೆಯದು, ಅತಿ ಮೆಲ್ಲಗೆ ಕೇಳುವ ಪ್ರಶ್ನೆ. ಐವತ್ತು ದಾಟಿದ ಒಬ್ಬರು ಸೆರಗು ಸರಿಮಾಡಿಕೊಳ್ಳುತ್ತಾ ಕೇಳಿದರು: "ನಮ್ಮ ಪಕ್ಕದ್ಮನೆಯವ್ರಿಗೆ... ಕೆಮ್ಮಿದ್ರೆ, ಸೀನಿದ್ರೆ, ನಕ್ಕರೂ ಒಂದೆರಡು ಹನಿ ಹೋಗ್ಬಿಡುತ್ತಂತೆ. ಮದುವೆ ಮನೆಗೆ ಹೋಗೋದೇ ಬಿಟ್ಬಿಟ್ಟಿದಾರೆ." ಪಕ್ಕದ ಮನೆ ಯಾವುದೆಂದು ನಾನು ಕೇಳಲಿಲ್ಲ. ಹೆರಿಗೆಗಳಿಂದ, ಭಾರ ಎತ್ತಿ ಎತ್ತಿ, ಮುಟ್ಟು ನಿಂತ ಮೇಲೆ, ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯು ಸಡಿಲವಾಗುತ್ತದೆ. ಎಷ್ಟೋ ಮನೆಗಳಲ್ಲಿದೆ, ಯಾರೂ ಹೇಳುವುದಿಲ್ಲ. ಇದಕ್ಕೆ ವ್ಯಾಯಾಮವಿದೆ, ದುಡ್ಡು ಖರ್ಚಿಲ್ಲ. ನಾಲ್ಕು ಜನರ ನಡುವೆ ಕೂತಾಗ ವಾಯು ಹೋಗದಂತೆ ಬಿಗಿಹಿಡಿಯುತ್ತೇವಲ್ಲ (ಬಾನುಲಿಯಲ್ಲಿ ಹೀಗೆ ಹೇಳಿದ್ದಕ್ಕೆ ಕ್ಷಮಿಸಿ, ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಬರುವುದಿಲ್ಲ) ಆ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು ಬಿಡಿ. ಉಸಿರು ಕಟ್ಟಬೇಡಿ. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಒಲೆ ಮುಂದೆ ನಿಂತಾಗಲೂ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಮೂರು ತಿಂಗಳು ಬಿಡದೆ ಮಾಡಬೇಕು. ಉರಿಮೂತ್ರ ಇದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕೆಂಪು ಕಂಡರೂ ತಡ ಮಾಡದೆ ತೋರಿಸಬೇಕು. ಅದು ಬೇರೆ ವಿಷಯ.

ನಾಲ್ಕು ತಿಂಗಳ ಮೇಲೆ ಅವರು ಯಾವುದೋ ಕೆಮ್ಮಿಗೆಂದು ಬಂದರು. ಔಷಧಿ ಬರೆಸಿಕೊಂಡು ಎದ್ದರು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಪಕ್ಕದ್ಮನೆಯವ್ರು ಎಷ್ಟೋ ಪರವಾಗಿಲ್ವಂತೆ ಡಾಕ್ಟ್ರೇ" ಅಂದರು. ಒಂದು ಗಳಿಗೆ ನಿಂತು, "ಮಂಡಿನೋವಿಗೂ ಇಂಥದ್ದೇನಾದ್ರೂ ಇದೆಯಾ?" ಎಂದು ಕೇಳಿದರು.

"ಯಾರ ಮಂಡಿಗೆ?" ಅಂದೆ.

ಅವರಿಗೆ ನಗು ತಡೆಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.