ಚಿನ್ನದ ಕಪ್ ಗೆದ್ದ ದಿನ ವೇಯ್ನ್ ಶ್ವಾಸ್ ಒಳಗೇನಿತ್ತು

ಈಗ ಕಾಣ್ತಿರೋದು ಮೆಲ್ಬರ್ನ್‌ನ ಎಂಸಿಜಿ, ಬಾಕ್ಸಿಂಗ್ ಡೇ ಟೆಸ್ಟ್ ಅಂತ ನಾವು ಬೆಳಗಿನ ಜಾವ ಎದ್ದು ಟಿವಿ ಹಾಕ್ಕೊಂಡು ಕೂರ್ತೀವಲ್ಲ ಅದೇ ಗ್ರೌಂಡ್. ಆದ್ರೆ ಇವತ್ತು ಕ್ರಿಕೆಟ್ ವಿಷ್ಯ ಅಲ್ಲ, ಫುಟಿ, ಅಂದ್ರೆ ಆಸ್ಟ್ರೇಲಿಯನ್ ರೂಲ್ಸ್, ಮೊಟ್ಟೆ ಆಕಾರದ ಚೆಂಡು, ಒಂದೊಂದು ಕಡೆ 18 ಜನ, ನಡುವಿನ ಎರಡು ಕಂಬದ ಮಧ್ಯೆ ಒದ್ರೆ 6 ಪಾಯಿಂಟ್, ಪಕ್ಕದ ಸಂದೀಲಿ ಹೋದ್ರೆ 1.

1996ರ ಸೆಪ್ಟೆಂಬರ್ 28. ಫುಟಿಯ ದೊಡ್ಡ ಲೀಗ್ ಎಎಫ್‌ಎಲ್‌ನ ಫೈನಲ್, 93 ಸಾವಿರಕ್ಕೂ ಜಾಸ್ತಿ ಜನ. ನಾರ್ತ್ ಮೆಲ್ಬರ್ನ್ 19 ಗೋಲು, 17 ಒಂಟಿ ಪಾಯಿಂಟು, ಒಟ್ಟು 131, ಎದುರಾಳಿ ಸಿಡ್ನಿ 88ಕ್ಕೆ ನಿಂತೋಯ್ತು. ಲೀಗಿಗೆ ನೂರನೇ ಸೀಸನ್ ಅಂತ ಆ ವರ್ಷ ಕಪ್ಪನ್ನ ಬಂಗಾರದ ಬಣ್ಣದಲ್ಲಿ ಮಾಡಿದ್ರು. ಅದನ್ನ ಗೆದ್ದ ಟೀಮಲ್ಲಿದ್ದ ಹುಡ್ಗ ವೇಯ್ನ್ ಶ್ವಾಸ್. ನಂಗೆ ಆ ಹೆಸ್ರು ಕೇಳಿದಾಗೆಲ್ಲ ನಮ್ಮ ಉಸಿರಿನ ಶ್ವಾಸಾನೇ ಕಿವಿಗೆ ಬೀಳುತ್ತೆ.

ಹುಟ್ಟಿದ್ದು ನ್ಯೂಜಿಲೆಂಡಲ್ಲಿ, ಮಾವೋರಿ ರಕ್ತ. ಅಲ್ಲೇ ಇದ್ದಿದ್ರೆ ರಗ್ಬಿ ಆಡ್ತಿದ್ನೋ ಏನೋ, ಚಿಕ್ಕೋನಿದ್ದಾಗ್ಲೇ ಆಸ್ಟ್ರೇಲಿಯಾಕ್ಕೆ ಬಂದು ವಿಕ್ಟೋರಿಯಾದ ಸಮುದ್ರ ದಂಡೆ ಊರು ವಾರ್ನಂಬೂಲಲ್ಲಿ ಬೆಳ್ದ, ಫುಟಿ ಕಲ್ತ, 1988ರಲ್ಲಿ ನಾರ್ತ್ ಮೆಲ್ಬರ್ನ್‌ಗೆ ಮೊದಲ ಮ್ಯಾಚ್ ಆಡ್ದ.

1993ರಲ್ಲಿ ಅವನಿಗೆ ಡಿಪ್ರೆಶನ್ ಅಂತ ಗೊತ್ತಾಯ್ತು. ತೀರಾ ಹತ್ತಿರದವರಿಗೆ ಬಿಟ್ರೆ ಯಾರಿಗೂ ಹೇಳ್ಲಿಲ್ಲ. ಮಾರನೇ ವರ್ಷ, 1994ರಲ್ಲಿ, ಕ್ಲಬ್ಬಿನ ಬೆಸ್ಟ್ ಆಟಗಾರನಿಗೆ ಕೊಡೋ ಸಿಡ್ ಬಾರ್ಕರ್ ಮೆಡಲ್ ಅವನ ಕೊರಳಿಗೇ ಬಿತ್ತು! ನಂಗೆ ಇಡೀ ಕಥೇಲಿ ಅರಗಿಸ್ಕೊಳ್ಳೋಕೆ ಆಗದೆ ಇರೋದು ಇದೇ. ಅಷ್ಟು ನೋವಿಟ್ಕೊಂಡು ಅಷ್ಟು ಚೆನ್ನಾಗಿ ಆಡೋನ ಮುಖ ನೋಡಿ ಯಾರಿಗೆ ತಾನೇ ಅನುಮಾನ ಬರುತ್ತೆ ಹೇಳಿ, ಆಟ ಚೆನ್ನಾಗಿದ್ದಷ್ಟೂ ಅವನ ನೋವು ಇನ್ನೂ ಚೆನ್ನಾಗಿ ಮುಚ್ಚಿಹೋಗ್ತಿತ್ತು.

ನಾರ್ತ್‌ಗೆ 184 ಮ್ಯಾಚ್ ಆದ್ಮೇಲೆ 1998ರಲ್ಲಿ ಸಿಡ್ನಿಗೆ ಹೋದ, ಹೌದು, ಫೈನಲಲ್ಲಿ ತಾನು ಸೋಲಿಸಿದ್ದ ಅದೇ ಸಿಡ್ನಿ. ಅಲ್ಲೂ 1999ರಲ್ಲಿ ಕ್ಲಬ್ ಬೆಸ್ಟ್ ಪ್ಲೇಯರ್, ಬಾಬ್ ಸ್ಕಿಲ್ಟನ್ ಮೆಡಲ್. 98 ಮ್ಯಾಚ್ ಆಡಿ 2002ರಲ್ಲಿ ನಿಲ್ಲಿಸ್ದ. ಒಟ್ಟು 282.

ರಿಟೈರ್ ಆಗಿ ಕೆಲವು ವರ್ಷ ಕಳೆದ್ಮೇಲೇ ಅವನು ಬಾಯ್ಬಿಟ್ಟಿದ್ದು. ಆ ಕಪ್ ಗೆದ್ದ ದಿನಾನೂ ನಾನು ಒಳಗೊಳಗೇ ನರಳ್ತಿದ್ದೆ ಅಂತ ಎಲ್ಲರೆದುರು ಹೇಳ್ಕೊಂಡ. ಆಮೇಲೆ ‘ಪಕಾ ಅಪ್’ (Puka Up) ಅನ್ನೋ ಹೆಸ್ರಲ್ಲಿ ಸಂಸ್ಥೆ ಕಟ್ಟಿ, ಮನಸ್ಸಿನ ನೋವಿನ ಬಗ್ಗೆ ಜನ ಬಾಯ್ಬಿಟ್ಟು ಮಾತಾಡ್ಲಿ ಅಂತ ಓಡಾಡ್ತಾನೆ, ಗಂಡಸರ ಹತ್ರ ಅಂತೂ ವಿಶೇಷವಾಗಿ.

ವಿಡಿಯೋ ಶುರುವಲ್ಲಿ ಫೈನಲ್ ದಿನದ ಫೋಟೋ ಹಾಕಿದ್ನಲ್ಲ, ಅದನ್ನೇ ಈಗ ಇನ್ನೊಂದ್ಸಲ ಹಾಕ್ತೀನಿ, ಮ್ಯೂಸಿಕ್ ಇಲ್ದೆ. ಈ ಸಲ ಕಪ್ ನೋಡ್ಬೇಡಿ, ಅವನ ಕಣ್ಣು ನೋಡಿ.