ಎಲ್ಲಿವರೆಗೆ ಕೊರೆಯಬೇಕು?

ಎಲ್ಲರಿಗೂ ನಮಸ್ಕಾರ. ಹಲ್ಲಿನ ಡಾಕ್ಟರು ಮೈಕ್ ಹಿಡಿದರೆ ಹಲ್ಲುಜ್ಜುವ ಉಪದೇಶ ಗ್ಯಾರಂಟಿ, ಅಲ್ವಾ? ಇವತ್ತು ಅದನ್ನು ಬಿಡೋಣ. ಉಜ್ಜುವುದನ್ನಲ್ಲ, ಉಪದೇಶವನ್ನು.

ನಾವು ಓದುವಾಗ ಪಾಠ ಒಂದೇ ಇತ್ತು. ಹುಳುಕು ಕಂಡರೆ ಗಟ್ಟಿ ಹಲ್ಲು ಸಿಗುವವರೆಗೂ ಕೊರೆ. ಕೆರೆದರೆ ಕರ್ ಕರ್ ಸದ್ದು ಬರಬೇಕು, ಆಮೇಲೇ ಫಿಲ್ಲಿಂಗ್. ಪ್ರಾಕ್ಟೀಸಿನ ಶುರುವಿನಲ್ಲಿ ಒಬ್ಬ ಅಮ್ಮ ಬಂದಿದ್ದರು. ತಣ್ಣೀರು ಕುಡಿದರೆ ದವಡೆ ಹಲ್ಲು ಜುಮ್ ಅನ್ನುತ್ತೆ, ಅಷ್ಟೇ ದೂರು. ತಳದಲ್ಲಿ ಸ್ವಲ್ಪ ಕಂದು ಬಣ್ಣ ಉಳಿದಿತ್ತು. ಇನ್ನೊಂದೇ ಸುತ್ತು ಅಂತ ಡ್ರಿಲ್ ಇಟ್ಟೆ. ಗುಂಡುಸೂಜಿ ತಲೆಯಷ್ಟು ರಕ್ತ ಕಾಣಿಸಿತು. ಹಲ್ಲಿನೊಳಗಿನ ಮೆತ್ತನೆಯ ಭಾಗ, ಅಂದರೆ ಪಲ್ಪ್, ತೆರೆದುಕೊಂಡಿತ್ತು. ಆ ಹಲ್ಲಿಗೆ ರೂಟ್ ಕೆನಾಲ್ ಆಯಿತು, ಮೇಲೊಂದು ಕ್ಯಾಪ್ ಬಂತು. ಅವರು ಥ್ಯಾಂಕ್ಸ್ ಹೇಳಿ ಹೋದರು. ನನಗೆ ಇವತ್ತಿಗೂ ಕಸಿವಿಸಿ.

ನಾವು ನರ ಅಂತ ಕರೆಯುವ ಪಲ್ಪ್‌ನಲ್ಲಿ ಬರೀ ನರ ಇಲ್ಲ, ರಕ್ತನಾಳಗಳೂ ಇವೆ. ಅದಕ್ಕೆ ಜೀವ ಇದೆ. ಹುಳುಕು ನಿಧಾನವಾಗಿ ಹತ್ತಿರ ಬಂದರೆ ಒಳಗಿನಿಂದ ಹೊಸ ಡೆಂಟಿನ್, ಅಂದರೆ ಪಲ್ಪ್ ಸುತ್ತಲಿನ ಗಟ್ಟಿ ಪದರದ, ಗೋಡೆ ಕಟ್ಟಿಕೊಳ್ಳುತ್ತೆ. ಹುಳುಕಿನಲ್ಲೂ ಪದರಗಳಿವೆ. ಮೇಲಿನದು ಚಹಾದಲ್ಲಿ ನೆನೆದ ರಸ್ಕ್ ಥರ, ಕೆರೆದರೆ ಮೆತ್ತಗೆ ಬರುತ್ತೆ. ಬ್ಯಾಕ್ಟೀರಿಯಾ ಜಾಸ್ತಿ ಇರುವುದು ಅಲ್ಲಿ. ಅದರ ಕೆಳಗಿನದು ಚರ್ಮದ ಹಾಗೆ, ಚಕ್ಕೆ ಚಕ್ಕೆಯಾಗಿ ಏಳುತ್ತೆ. ಇದು ಮತ್ತೆ ಖನಿಜ ಹೀರಿ ಗಟ್ಟಿಯಾಗಬಲ್ಲದು.

ಹಾಗಾಗಿ ಈಗ ಅಂಚಿನಲ್ಲೆಲ್ಲ ಗಟ್ಟಿ ಸಿಗುವವರೆಗೆ ತೆಗೆಯುತ್ತೇವೆ, ಪಲ್ಪ್ ಪಕ್ಕದ ತಳದಲ್ಲಿ ಮಾತ್ರ ಕೈ ತಡೆಯುತ್ತೇವೆ. ಆಮೇಲೆ ಬಿಗಿಯಾಗಿ ಸೀಲ್ ಮಾಡುತ್ತೇವೆ. “ಹುಳುಕನ್ನ ಒಳಗೇ ಬಿಟ್ಟು ಮುಚ್ಚೋದಾ ಡಾಕ್ಟ್ರೇ?” ಅಂತ ಕೇಳುತ್ತಾರೆ. ಹೌದು. ಹೊರಗಿನಿಂದ ಸಕ್ಕರೆ ಹೋಗದಿದ್ದರೆ ಉಳಿದ ಬ್ಯಾಕ್ಟೀರಿಯಾ ಉಪವಾಸ ಬೀಳುತ್ತವೆ. ಅಂಚು ಸೋರಿದರೆ ಮಾತ್ರ ಮಾಡಿದ್ದೆಲ್ಲ ದಂಡ. ಒಂದೇ ಸಲ ಮುಗಿಸಬಹುದು, ಇಲ್ಲವೇ 6ರಿಂದ 12 ತಿಂಗಳು ತಾತ್ಕಾಲಿಕ ಫಿಲ್ಲಿಂಗ್ ಇಟ್ಟು ಮತ್ತೆ ತೆರೆದು ನೋಡಬಹುದು. ಮತ್ತೆ ತೆರೆಯುವಾಗಲೂ ಪಲ್ಪ್‌ಗೆ ತಗಲುವ ಅಪಾಯ ಇದೆ, ಅದಕ್ಕೇ ನಾನು ಮೊದಲನೆಯದರ ಕಡೆ.

2016ರಲ್ಲಿ ಹಲವು ದೇಶಗಳ ಹುಳುಕು ತಜ್ಞರು ಸೇರಿ, ತಳದವರೆಗೂ ಪೂರ್ತಿ ಕೊರೆಯುವುದು ಅತಿ ಚಿಕಿತ್ಸೆ ಎಂದರು. ಎಲ್ಲರೂ ಒಪ್ಪಿಲ್ಲ. ಅಮೆರಿಕದ ಎಂಡೊಡಾಂಟಿಸ್ಟರ, ಅಂದರೆ ರೂಟ್ ಕೆನಾಲ್ ತಜ್ಞರ, ಸಂಘ 2021ರಲ್ಲಿ, ಪೂರ್ತಿ ತೆಗೆದು ಪಲ್ಪ್‌ನ ಸ್ಥಿತಿ ಕಣ್ಣಾರೆ ನೋಡಬೇಕು ಅಂದಿತು. ಪಲ್ಪ್ ತೆರೆದುಕೊಂಡರೂ ಈಗ ಆಟ ಮುಗಿಯುವುದಿಲ್ಲ. ಕೆಟ್ಟ ಭಾಗವಷ್ಟೇ ತೆಗೆದು, ರಕ್ತ ಕೆಲವೇ ನಿಮಿಷದಲ್ಲಿ ನಿಂತರೆ, ಪಲ್ಪ್ ಮೇಲೆ ಎಂಟಿಎ ಅನ್ನುವಂಥ ಹಲ್ಲಿನ ಸಿಮೆಂಟ್ ಹಾಕಿ ಉಳಿದದ್ದನ್ನು ಜೀವಂತ ಇಡಬಹುದು. ಮೊದಲು ಇದನ್ನು ಮಕ್ಕಳ ಹಲ್ಲಿಗೇ ಸೈ ಅನ್ನುತ್ತಿದ್ದರು.

ಯಾವ ಹಲ್ಲು ಉಳಿಯುತ್ತೆ? ಐಸ್‌ಕ್ರೀಮಿಗೆ ಜುಮ್ ಅಂದು ಎರಡು ಮೂರು ಸೆಕೆಂಡಿನಲ್ಲಿ ಹೋದರೆ ಒಳ್ಳೆಯ ಲಕ್ಷಣ. ಬಿಸಿ ಕಾಫಿಗೆ ಶುರುವಾದ ನೋವು ನಿಲ್ಲದೇ ಇದ್ದರೆ, ರಾತ್ರಿ ಎಬ್ಬಿಸಿದರೆ ಕಷ್ಟ. ಆದರೆ ಜನ ಜುಮ್ ಅನ್ನುವಾಗ ಲವಂಗ ಇಟ್ಟುಕೊಂಡು ಸುಮ್ನೆ ಇರುತ್ತಾರೆ. ತಿಂಗಳುಗಟ್ಟಲೆ ಕಾದು, ಕೊನೆಗೆ ನಗುನಗುತ್ತಾ ಬಂದು ಹೇಳುತ್ತಾರೆ: “ನೋವು ತಾನಾಗೇ ಹೋಯ್ತು ಡಾಕ್ಟ್ರೇ.” ತಣ್ಣಗಿನ ಹತ್ತಿ ಮುಟ್ಟಿಸುತ್ತೇನೆ. ಏನೂ ಗೊತ್ತಾಗಲ್ಲ ಅನ್ನುತ್ತಾರೆ. ಎಷ್ಟೋ ಸಲ ಆಗ ಹೋಗಿರುವುದು ನೋವಲ್ಲ, ಪಲ್ಪ್.